ಬೇರುಗಂಟಿನಿಂದ ರೈಜೋಬಿಯಂ ತೆಗೆಯುವುದು: ಪುಣೆಯಲ್ಲಿ ನಾನು ಮಾಡುವ ರೀತಿ

ಬೀದರ್, ಕಲಬುರಗಿ ಕಡೆಯಿಂದ ಪುಣೆಗೆ ಎಂ.ಎಸ್ಸಿ.ಗೆ ಬಂದ ಹುಡುಗರು ನಾಲ್ಕನೇ ದಿನ ಪ್ಲೇಟ್ ಹಿಡಿದುಕೊಂಡು ಬರುತ್ತಾರೆ. "ಸರ್, ಬಿಳಿ ಕಾಲನಿ ಬಂತು, ರೈಜೋಬಿಯಂ ಅಂತ ಬರ್ಕೊಳ್ಳಲಾ?" ಬರೆಯಬಾರದು. ರೈಜೋಬಿಯಂ ಎಂದರೆ ಬೇಳೆಕಾಳಿನ ಗಿಡಗಳ ಬೇರಿನಲ್ಲಿ ಗಂಟು ಕಟ್ಟಿಸಿ, ಅದರೊಳಗೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ಬ್ಯಾಕ್ಟೀರಿಯಾ. ಗಂಟು ತಂದ ಬೆಳೆಯ ಬೇರಿನಲ್ಲೇ ಮತ್ತೆ ಗಂಟು ಕಟ್ಟಿಸಿ ತೋರಿಸುವವರೆಗೆ ಪ್ಲೇಟಿನಲ್ಲಿರುವುದು ಬರೀ ಬಿಳಿ ಕಾಲನಿ. ಡಚ್ ವಿಜ್ಞಾನಿ ಬೈಜರಿಂಕ್ ಈ ಬ್ಯಾಕ್ಟೀರಿಯಾವನ್ನು ಮೊದಲು ಬೇರ್ಪಡಿಸಿದ್ದು 1888ರಲ್ಲಿ. ಇಷ್ಟು ವರ್ಷವಾದರೂ ಈ ಪರೀಕ್ಷೆಗೆ ಅಡ್ಡದಾರಿ ಇಲ್ಲ.

ನಾನು ಗಂಟು ತರುವುದು ಎರಡು ಬೆಳೆಯಿಂದ: ಪುರಂದರ ತಾಲ್ಲೂಕಿನ ಬಟಾಣಿ, ಮುಂಗಾರಿನ ಹೆಸರು. ಹೂ ಬಿಡುವ ಹೊತ್ತು ಸರಿಯಾದ ಹೊತ್ತು. ಕಾಯಿ ತುಂಬಿದ ಮೇಲೆ ಗಂಟು ಒಳಗೇ ಕೊಳೆಯತೊಡಗುತ್ತದೆ. ಗಿಡ ಕೀಳಬೇಡಿ, ಅದರಲ್ಲೂ ಎರೆಮಣ್ಣಿನಲ್ಲಿ: ಬೇರು ಕೈಗೆ ಬರುತ್ತದೆ, ಗಂಟು ಮಣ್ಣಿನಲ್ಲೇ ಉಳಿಯುತ್ತದೆ. ಸುತ್ತ 15 ಸೆಂ.ಮೀ. ಬಿಟ್ಟು ಅಗೆದು, ಹೆಂಟೆ ಸಮೇತ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಮಣ್ಣು ತಾನೇ ಕಳಚಿಕೊಳ್ಳುತ್ತದೆ.

ಒಂದು ಗಂಟನ್ನು ಬ್ಲೇಡಿನಿಂದ ಸೀಳಿ ನೋಡಿ. ಹೆಸರಿನ ಗಂಟು ದುಂಡಗೆ, ಒಳಗೆಲ್ಲ ಒಂದೇ ಸಮ ಗುಲಾಬಿ. ಬಟಾಣಿಯದು ಉದ್ದುದ್ದ: ತುದಿ ಬಿಳಿ, ನಡುವೆ ಗುಲಾಬಿ, ಹಳತಾದರೆ ಬುಡ ಹಸಿರು. ಈ ಗುಲಾಬಿ ಲೆಗ್‌ಹೀಮೋಗ್ಲೋಬಿನ್. ಸಾರಜನಕ ಹಿಡಿಯುವ ನೈಟ್ರೋಜಿನೇಸ್ ಕಿಣ್ವಕ್ಕೆ ಆಮ್ಲಜನಕ ಆಗಿಬರುವುದಿಲ್ಲ, ಅದನ್ನು ಅಳತೆಯಲ್ಲಿ ಇಡುವುದು ಇದರ ಕೆಲಸ. ಒಳಗೆಲ್ಲ ಬಿಳಿ ಇದ್ದರೆ ಗಂಟು ಕೆಲಸ ಮಾಡುತ್ತಿಲ್ಲ. ಎಲ್ಲ ಹಸಿರು ಅಥವಾ ಕಂದು ಇದ್ದರೆ ಮುಗಿದ ಗಂಟು. ಸೀಳಿದ ಕೂಡಲೇ ನೋಡಬೇಕು, ಗಾಳಿ ತಾಗಿದ ಸ್ವಲ್ಪ ಹೊತ್ತಿಗೆ ಗುಲಾಬಿಯೂ ಕಂದಾಗುತ್ತದೆ.

ಬೇರ್ಪಡಿಸಲು ಆರಿಸಿದ ಗಂಟಿನ ಎರಡೂ ಬದಿ ಅರ್ಧ ಸೆಂ.ಮೀ. ಬೇರು ಉಳಿಸಿ ಕತ್ತರಿಸುತ್ತೇನೆ. ಚಿಮಟ ಬೇರನ್ನು ಹಿಡಿಯಬೇಕು, ಗಂಟನ್ನಲ್ಲ. ಶೇ. 95ರ ಎಥನಾಲ್‌ನಲ್ಲಿ 10 ಸೆಕೆಂಡ್, ಶೇ. 3ರ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ 3 ನಿಮಿಷ, ಆಮೇಲೆ ಸ್ಟೆರೈಲ್ ನೀರಿನಲ್ಲಿ ಆರು ಸಲ ತೊಳೆ. ಮರ್ಕ್ಯುರಿಕ್ ಕ್ಲೋರೈಡ್ ಬಳಸುವ ಹಳೇ ರೂಢಿ ನಾನು ಬಿಟ್ಟಿದ್ದೇನೆ. ಆ ಪಾದರಸದ ನೀರನ್ನು ಚೆಲ್ಲುವುದೆಲ್ಲಿ? ಕೊನೆಯ ತೊಳೆತದ ಒಂದು ಹನಿಯನ್ನು ಬೇರೆ ಪ್ಲೇಟಿಗೆ ಹಾಕಿಡಿ. ಅದರಲ್ಲಿ ಏನಾದರೂ ಬೆಳೆದರೆ ಆ ಗಂಟಿನ ಪ್ಲೇಟುಗಳನ್ನೆಲ್ಲ ಎಸೆಯುವುದೇ.

ಮೀಡಿಯಂ ಯೀಸ್ಟ್ ಎಕ್ಸ್‌ಟ್ರಾಕ್ಟ್ ಮ್ಯಾನಿಟಾಲ್ ಅಗಾರ್. ಲೀಟರಿಗೆ ಮ್ಯಾನಿಟಾಲ್ 10 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 0.5, ಡೈಪೊಟ್ಯಾಸಿಯಂ ಫಾಸ್ಫೇಟ್ 0.5, ಮೆಗ್ನೀಸಿಯಂ ಸಲ್ಫೇಟ್ 0.2, ಉಪ್ಪು 0.1, ಅಗಾರ್ 15 ಗ್ರಾಂ, ಪಿಎಚ್ 6.8; ಶೇ. 1ರ ಕಾಂಗೋ ರೆಡ್ 2.5 ಮಿ.ಲೀ. ಗಂಟನ್ನು ಒಂದು ಹನಿ ಸ್ಟೆರೈಲ್ ನೀರಿನಲ್ಲಿ ಜಜ್ಜಿ, ಆ ಹಾಲಿನಂಥ ರಸವನ್ನು ಲೂಪಿನಿಂದ ಗೆರೆ ಎಳೆದು, ಪ್ಲೇಟ್ ಬೋರಲು ಹಾಕಿ 28 ಡಿಗ್ರಿಯಲ್ಲಿ ಇಡುವುದು. ಕತ್ತಲಲ್ಲಿ ಇಡಬೇಕು: ಕಾಂಗೋ ರೆಡ್ ಹೀರಿ ಕೆಂಪಾಗುವುದು ಸಾಮಾನ್ಯವಾಗಿ ಬೇರೆ ಬ್ಯಾಕ್ಟೀರಿಯಾ, ರೈಜೋಬಿಯಂ ಬಿಳಿಯಾಗೇ ಉಳಿಯುತ್ತದೆ; ಆದರೆ ಬೆಳಕು ಬಿದ್ದರೆ ರೈಜೋಬಿಯಂ ಕೂಡ ಕೆಂಪು ಹೀರಿಕೊಳ್ಳುತ್ತದೆ, ಗುರುತಿಗೆಂದು ಹಾಕಿದ ಬಣ್ಣವೇ ದಾರಿ ತಪ್ಪಿಸುತ್ತದೆ. ಇನ್ನೊಂದು, ಪುಣೆಯ ಮೇ ತಿಂಗಳಲ್ಲಿ ಬರೀ ಹೀಟರ್ ಇರುವ ಇನ್‌ಕ್ಯುಬೇಟರ್ 28ಕ್ಕೆ ಇಳಿಯುವುದೇ ಇಲ್ಲ. ತಂಪು ಮಾಡುವ ಬಿಒಡಿ ಇನ್‌ಕ್ಯುಬೇಟರೇ ಬೇಕು.

ಬಟಾಣಿಯದು ಮೂರನೇ ದಿನಕ್ಕೆ ಲೋಳೆಲೋಳೆಯಾಗಿ ಹರಡುತ್ತದೆ. ಹೆಸರಿನಲ್ಲಿ ಸಾಮಾನ್ಯವಾಗಿ ಇರುವುದು ರೈಜೋಬಿಯಂನ ಬಂಧು, ನಿಧಾನ ಬೆಳೆಯುವ ಬ್ರ್ಯಾಡಿರೈಜೋಬಿಯಂ, ಏಳರಿಂದ ಹತ್ತು ದಿನ ಹಿಡಿಯುತ್ತದೆ. ಹುಡುಗರು ಎಡವುವುದು ಇಲ್ಲೇ: ಹೆಸರಿನ ಪ್ಲೇಟಿನಲ್ಲಿ ಎರಡನೇ ದಿನ ಎದ್ದದ್ದನ್ನು ಖುಷಿಯಿಂದ ಎತ್ತಿಕೊಳ್ಳುತ್ತಾರೆ, ಅದು ಹೆಚ್ಚಾಗಿ ಕಲಬೆರಕೆ. ಕಾಂಗೋ ರೆಡ್ ಬದಲು ಬ್ರೋಮೊಥೈಮಾಲ್ ಬ್ಲೂ ಹಾಕಿದ ಪ್ಲೇಟಿನಲ್ಲಿ ಬೇಗ ಬೆಳೆಯುವುದು ಆಮ್ಲ ಬಿಟ್ಟು ಹಳದಿ ಮಾಡುತ್ತದೆ, ನಿಧಾನದ್ದು ನೀಲಿ. ಗ್ಲೂಕೋಸ್ ಪೆಪ್ಟೋನ್ ಅಗಾರ್‌ನಲ್ಲಿ ರಾತ್ರೋರಾತ್ರಿ ದಟ್ಟವಾಗಿ ಬೆಳೆದರೆ ಅನುಮಾನಿಸಿ. ರೈಜೋಬಿಯಂ ಅಲ್ಲಿ ಸೊರಗುತ್ತದೆ.

ಗಿಡದ ಪರೀಕ್ಷೆಗೆ ತೊಳೆದ ಮರಳು ತುಂಬಿ ಆಟೋಕ್ಲೇವ್ ಮಾಡಿದ ಲಿಯೊನಾರ್ಡ್ ಜಾರ್: ಮೇಲೆ ಬೋರಲು ಹಾಕಿದ ಬಾಟಲಿಯಲ್ಲಿ ಮರಳು, ಕೆಳಗೆ ಸಾರಜನಕವಿಲ್ಲದ ಪೋಷಕ ದ್ರಾವಣ, ನಡುವೆ ಹತ್ತಿಯ ಬತ್ತಿ. ಪಾಚಿ ಕಟ್ಟದಂತೆ ಹೊರಗೆ ಖಾಕಿ ಕಾಗದ. ಬೀಜವನ್ನೂ ಗಂಟಿನ ಹಾಗೇ ಶುದ್ಧ ಮಾಡಿ, ನೀರು-ಅಗಾರ್ ಮೇಲೆ ಮೊಳಕೆ ಬರಿಸಿ, ಬೇರು 1–2 ಸೆಂ.ಮೀ. ಆದಾಗ ನೆಟ್ಟು, ಸಸಿಗೆ 1 ಮಿ.ಲೀ. ಕಲ್ಚರ್ ಹಾಕುತ್ತೇನೆ. ಜೊತೆಗೆ ಹೋಲಿಸಿ ನೋಡಲು, ಕಲ್ಚರ್ ಇಲ್ಲದ ಎರಡು ಕಂಟ್ರೋಲ್: ಏನೂ ಹಾಕದ್ದು ಒಂದು, ಶೇ. 0.05 ಪೊಟ್ಯಾಸಿಯಂ ನೈಟ್ರೇಟ್ ಹಾಕಿದ್ದು ಇನ್ನೊಂದು. ನಾಲ್ಕು ವಾರಕ್ಕೆ ಕಿತ್ತು ನೋಡಬಹುದು. ಅಷ್ಟರಲ್ಲಿ ಏನೂ ಹಾಕದ ಗಿಡ ಬೀಜದೊಳಗಿನ ಸಾರಜನಕ ತೀರಿ ಹಳದಿಯಾಗಿರಬೇಕು. ಅದರ ಬೇರಲ್ಲೂ ಗಂಟಿದ್ದರೆ ಇಡೀ ಪ್ರಯೋಗ ಕೆಟ್ಟಂತೆ. ನೀರು ಹಾಕುವಾಗ ಸಿಡಿಯುವ ಹನಿ, ಧೂಳು, ಇರುವೆ, ಇವೇ ಕಾರಣ. ಮರಳಿನ ಮೇಲೆ ಬಿಸಿಯಲ್ಲಿ ಒಣಗಿಸಿದ ಸಣ್ಣ ಜಲ್ಲಿ ಹರಡಿ; ಸ್ಟ್ಯಾಂಡಿನ ಕಾಲುಗಳನ್ನು ಅಡುಗೆಮನೆ ಕಪಾಟಿನ ಹಾಗೆ ನೀರಿನ ಬಟ್ಟಲಲ್ಲಿ ಇಡಿ.

ಹೊಲಕ್ಕೆ ಕೊಡುವ ರೈಜೋಬಿಯಂ ಗೊಬ್ಬರದ ಪ್ಯಾಕೆಟ್ಟಿನಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಕೋಶ ಇರಬೇಕೆಂಬುದು ರಸಗೊಬ್ಬರ ನಿಯಂತ್ರಣ ಆದೇಶದ ಮಾನದಂಡ. ಕಿಟಕಿ ಬಿಸಿಲಿನಲ್ಲಿ ಇಟ್ಟ ಪ್ಯಾಕೆಟ್ಟಿನಲ್ಲಿ ಅಷ್ಟು ಉಳಿಯುವುದಿಲ್ಲ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿದ ಮೇಲೆ 250 ಗ್ರಾಂ ಪ್ಯಾಕೆಟ್ ಕಲಸಿ, 10 ಕಿಲೋ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ ಅಂದೇ ಬಿತ್ತುವುದು. ಅಷ್ಟೂ ದ್ರಾವಣ ಸುರಿಯಬೇಡಿ, ಬೀಜ ನೆನೆದರೆ ಸಿಪ್ಪೆ ಸುಲಿಯುತ್ತದೆ, ಅಂಟುವಷ್ಟು ಸಾಕು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಯೂರಿಯಾ ಕೈಬಿಚ್ಚಿ ಎರಚಿದ ಹೊಲದಲ್ಲಿ ಗಂಟು ಹುಡುಕಬೇಡಿ: ಸಾರಜನಕ ಪುಕ್ಕಟೆ ಸಿಗುವಾಗ ಗಿಡ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಕೊಟ್ಟು ಸಾಕುವುದಿಲ್ಲ. ಗೋವಾ, ಕೊಂಕಣದ ಹುಳಿ ಮಣ್ಣಿನಲ್ಲಿ ತೊಡಕು ಬೇರೆ, ಅಲ್ಲಿ ನೈಟ್ರೋಜಿನೇಸ್‌ಗೆ ಬೇಕಾದ ಮಾಲಿಬ್ಡಿನಂ ಗಿಡಕ್ಕೆ ದಕ್ಕುವುದಿಲ್ಲ. ಮೊದಲು ಸುಣ್ಣ, ಆಮೇಲೆ ಪ್ಯಾಕೆಟ್.