ಹನೋಯ್ ಮಕ್ಕಳೂ ಎಂಟನೇ ಹೇಳಿಕೆಯೂ

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ ಆತ್ಮಗೌರವದ ಸ್ಕೇಲ್, ಎಂದರೆ ಅದನ್ನು ಅಳೆಯುವ ಪ್ರಶ್ನಾವಳಿ, ನೋಡಲು ತೀರಾ ಸರಳ. ಹತ್ತು ಹೇಳಿಕೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ಐದು ಹೇಳಿಕೆ ತನ್ನನ್ನು ಮೆಚ್ಚಿಕೊಳ್ಳುವಂಥವು, ಐದು ಹಳಿದುಕೊಳ್ಳುವಂಥವು. ನ್ಯೂಯಾರ್ಕ್ ರಾಜ್ಯದ ಹೈಸ್ಕೂಲ್ ಮಕ್ಕಳ ಮೇಲೆ ಬೆಳೆದ ಸ್ಕೇಲ್ ಅದು. ಅದನ್ನು ಹನೋಯ್‌ನ ಆರರಿಂದ ಒಂಬತ್ತನೇ ತರಗತಿಯವರಿಗೆ ಹೊಂದಿಸುವ ತಂಡದಲ್ಲಿ ಲೆಕ್ಕಾಚಾರದ ಪಾಲು ನನ್ನದು. ನನ್ನ ವಿಯೆಟ್ನಾಮೀಸ್ ಸಂತೆಯಲ್ಲಿ ಚೌಕಾಸಿ ಮಾಡುವಷ್ಟೇ. ಭಾಷೆಯ ಭಾರ ಹೊತ್ತವರು ಅಲ್ಲಿನ ಸಹೋದ್ಯೋಗಿಗಳು.

ಇಬ್ಬರು ಬೇರೆಬೇರೆಯಾಗಿ ಅನುವಾದಿಸಿದರು, ಮೂಲ ನೋಡಿರದ ಮೂರನೆಯವರು ಮತ್ತೆ ಇಂಗ್ಲಿಷಿಗೆ ತಂದರು. ಇದು ಎಲ್ಲರೂ ಮಾಡುವುದೇ. ಜಗ್ಗಾಡಿದ್ದು 'ನಾನು' ಎನ್ನುವಲ್ಲಿ. ಮಗು ಮೇಷ್ಟ್ರೆದುರು ತನ್ನನ್ನು 'ಎಮ್' ಎನ್ನುತ್ತದೆ, ಅಪ್ಪ ಅಮ್ಮನೆದುರು 'ಕಾನ್'. 'ಎಮ್' ಹಾಕಿದರೆ ಉತ್ತರವನ್ನು ಮೇಷ್ಟ್ರಿಗೇ ಒಪ್ಪಿಸಿದಂತಾಗುತ್ತದೆ ಎಂದು ಕೊಂಚ ಒಣಗಲಾದರೂ ಯಾವ ಸಂಬಂಧವನ್ನೂ ಸೂಚಿಸದ 'ತೋಯ್' ಉಳಿಸಿಕೊಂಡೆವು.

ಆಮೇಲೆ ಒಬ್ಬೊಬ್ಬ ಮಗುವನ್ನೇ ಕೂರಿಸಿಕೊಂಡು, ಹೇಳಿಕೆ ಓದಿಸಿ, ಅರ್ಥವಾದದ್ದನ್ನು ಅವರ ಮಾತಲ್ಲೇ ಹೇಳಿಸಿದೆವು. ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಹಂತ ಇದೇ. ಒಂದು ಹೇಳಿಕೆಯಲ್ಲಿ ಬರುವ 'ಸೋತವನು' ಎಂದರೆ ಪರೀಕ್ಷೆಯಲ್ಲಿ ಸೋತವನು ಎಂದೇ ಬಹಳ ಮಕ್ಕಳು ತಿಳಿದರು. ಹತ್ತನೇ ತರಗತಿಯ ಪ್ರವೇಶ ಪರೀಕ್ಷೆ ಆಗ ಜೂನ್‌ನಲ್ಲಿತ್ತು. ಅದರ ಆಸುಪಾಸಿನಲ್ಲಿ ಒಂಬತ್ತನೆಯವರ ಹತ್ತಿರ ಸುಳಿಯಬಾರದೆಂದು ಅಲ್ಲೇ ತೀರ್ಮಾನವಾಯಿತು.

ನಿಜವಾದ ತಂಟೆ ಎಂಟನೆಯದು: 'ನನ್ನ ಮೇಲೆ ನನಗೆ ಇನ್ನಷ್ಟು ಗೌರವ ಇದ್ದಿದ್ದರೆ ಚೆನ್ನಾಗಿತ್ತು.' ಒಪ್ಪಿದರೆ ಅಂಕ ಇಳಿಯುತ್ತದೆ. ಮಕ್ಕಳಿಗೆ ಅದು ಕೊರಗಾಗಿ ಕೇಳಲಿಲ್ಲ, ಇನ್ನೂ ಒಳ್ಳೆಯವರಾಗುವ ಆಸೆಯಾಗಿ ಕೇಳಿತು; ತಮ್ಮ ಬಗ್ಗೆ ಸಮಾಧಾನವಿದ್ದವರೂ ಖುಷಿಯಿಂದ ಒಪ್ಪಿದರು. ಹೀಗಾಗಿ ಉಳಿದ ಒಂಬತ್ತರ ಮೊತ್ತದೊಂದಿಗೆ ಇದಕ್ಕೆ ನಂಟೇ ಕಾಣಲಿಲ್ಲ. ಚೀನೀ ಆವೃತ್ತಿಗಳಲ್ಲೂ ಇದೇ ಹೇಳಿಕೆ ಕಾಟ ಕೊಟ್ಟಿದೆ.

ಅದನ್ನು ತೆಗೆದುಹಾಕಿದರೆ ಕ್ರೊನ್‌ಬ್ಯಾಕ್ ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ಏರುತ್ತದೆ, ವರದಿ ಚೆಂದ ಕಾಣುತ್ತದೆ. ಆದರೆ ಬೇರೆ ದೇಶಗಳ ಅಂಕದ ಜೊತೆ ಹೋಲಿಸಲು ದಾರಿ ಉಳಿಯುವುದಿಲ್ಲ. 'ನನ್ನನ್ನು ನಾನು ಗೌರವಿಸಲಾರೆ' ಎಂದು ತಿದ್ದೋಣ ಎಂಬ ಸಲಹೆಯೂ ಬಂತು. ಹಾಗೆ ಮಾಡಿದರೆ ಅದು ಬೇರೆಯೇ ಹೇಳಿಕೆ, ಅದೂ ಹತ್ತರಲ್ಲೇ ಇರುವ 'ನಾನು ಯಾವುದಕ್ಕೂ ಬಾರದವನು' ಎಂಬುದರ ಪಡಿಯಚ್ಚು. ಕೊನೆಗೆ ಹಾಳೆಯಲ್ಲಿ ಹತ್ತನ್ನೂ ಉಳಿಸಿ, ಒಂಬತ್ತರ ಮೊತ್ತ, ಹತ್ತರ ಮೊತ್ತ ಎರಡನ್ನೂ ಕೊಡುವುದೆಂದು ಒಪ್ಪಿದೆವು. ಯಾವ ಹೇಳಿಕೆಗಳ ಉತ್ತರ ಜೊತೆಜೊತೆಗೆ ಸಾಗುತ್ತದೆ ಎಂದು ನೋಡುವ ಫ್ಯಾಕ್ಟರ್ ಅನಾಲಿಸಿಸ್‌ನಲ್ಲಿ ಹಳಿದುಕೊಳ್ಳುವ ಹೇಳಿಕೆಗಳು ತಮ್ಮದೇ ಗುಂಪು ಕಟ್ಟಿಕೊಂಡವು. ಬಹಳ ದೇಶಗಳಲ್ಲಿ ಇದೇ ಹಾಡು. ಲೆಕ್ಕಾಚಾರದ ಮಾದರಿಯಲ್ಲಿ ಅದಕ್ಕೊಂದು ಜಾಗ ಕೊಟ್ಟು ಮುಂದೆ ಹೋದೆವು.

ತರಗತಿಯಲ್ಲಿ ಒಂದೇ ಡೆಸ್ಕಿಗೆ ಇಬ್ಬರು, ಪಕ್ಕದವರ ಕಣ್ಣು ಹಾಳೆಯ ಮೇಲೆ. ಹಾಗಾಗಿ ಕ್ಲಾಸ್ ಟೀಚರ್ ಹೊರಗಿರಬೇಕು, ಹಾಳೆಯನ್ನು ಮಕ್ಕಳೇ ಲಕೋಟೆಗೆ ಹಾಕಿ ಅಂಟಿಸಬೇಕು ಎಂದು ಮೊದಲೇ ಷರತ್ತು ಹಾಕಿದ್ದೆವು.

ಕೆಲಸ ಮುಗಿದ ಮೇಲೆ ಒಂದು ಶಾಲೆಯವರು 15ಕ್ಕಿಂತ ಕಡಿಮೆ ಬಂದವರ ಪಟ್ಟಿ ಕೇಳಿದರು. 0ರಿಂದ 30ರ ಲೆಕ್ಕದಲ್ಲಿ, ಅದರ ಕೆಳಗಿದ್ದರೆ ಆತ್ಮಗೌರವ ಕಡಿಮೆ ಎಂದು ಇಂಟರ್ನೆಟ್ ತುಂಬ ಓಡಾಡುವ ಗೆರೆ ಅದು. ಈ ಮಕ್ಕಳ ಮೇಲೆ ಯಾರೂ ಅದನ್ನು ಪರೀಕ್ಷಿಸಿ ಎಳೆದದ್ದಲ್ಲ. ಹೆಸರುಗಳನ್ನು ಕೊಡಲಿಲ್ಲ. ತರಗತಿವಾರು ಅಂಕಗಳ ಹಂಚಿಕೆಯನ್ನಷ್ಟೇ ಕಳಿಸಿದೆವು.