ಬ್ಲೂ ಪಿಲ್ ರೋಬೋಟ್ ಬೋರ್ಡಿಗೆ ಬ್ಯಾಕಪ್ ಕಾಯಿನ್ ಸೆಲ್ ಹಾಕುವುದು

ಪ್ರೋಗ್ರಾಮ್ ಉಳಿಯುವುದಕ್ಕೆ ಸೆಲ್ ಬೇಕಿಲ್ಲ, ಅದು ಫ್ಲಾಷ್‌ನಲ್ಲೇ (ಪವರ್ ಹೋದರೂ ಅಳಿಯದ ಮೆಮೊರಿ) ಇರುತ್ತದೆ. ಎಸ್‌ಟಿಎಂ32ಎಫ್103 ಚಿಪ್ ಇರುವ ಬ್ಲೂ ಪಿಲ್ ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡಿನಲ್ಲಿ ಕಾಯಿನ್ ಸೆಲ್ ಕಾಯುವುದು ಎರಡನ್ನೇ: ಆರ್‌ಟಿಸಿ (ಚಿಪ್ಪಿನೊಳಗೆ ಸಮಯ ಎಣಿಸುವ) ಗಡಿಯಾರ ಮತ್ತು 20 ಬೈಟ್ ಬ್ಯಾಕಪ್ ರಿಜಿಸ್ಟರ್ (ಪುಟ್ಟ ಮೆಮೊರಿ). ಕೊನೆಯ ಫಾಲ್ಟ್ ಕೋಡ್, ಮೋಟಾರ್ ಓಡಿದ ಒಟ್ಟು ಗಂಟೆ ಇಂಥವಕ್ಕೆ ಅಷ್ಟು ಜಾಗ ಧಾರಾಳ. ರೋಬೋಟ್ ತೋಳಿನ ಕೀಲುಗಳ ಸ್ಥಾನವನ್ನೂ ಅಲ್ಲೇ ಬರೆದಿಟ್ಟು ಹೋಮಿಂಗ್ (ಆನ್ ಆದಾಗ ಕೀಲುಗಳನ್ನು ಮೂಲಸ್ಥಾನಕ್ಕೆ ತರುವುದು) ತಪ್ಪಿಸಲು ಮಾತ್ರ ಹೋಗಬೇಡಿ. ಪವರ್ ಇಲ್ಲದಾಗ ಯಾರಾದರೂ ತೋಳನ್ನು ಕೈಯಿಂದ ಸರಿಸಿದರೆ ಆ ಅಂಕಿ ಸುಳ್ಳಾಗುತ್ತದೆ.

ಸಾಮಾನು

ಸಿಆರ್2032 ಸೆಲ್ (3 ವೋಲ್ಟ್, 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ), ಅದಕ್ಕೊಂದು ಹೋಲ್ಡರ್, ಬಿಎಟಿ85 ಷಾಟ್ಕಿ ಡಯೋಡ್, 1 ಕಿಲೋಓಮ್ ರೆಸಿಸ್ಟರ್, 10 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತವೆ. ಡಬ್ಬಿಯಿಂದ ಬಿಡಿಯಾಗಿ ಎತ್ತಿಕೊಡುವ ಸೆಲ್ ಬೇಡ. ಒಂದಕ್ಕೊಂದು ತಾಗಿ ಅವು ಅಂಗಡಿಯಲ್ಲೇ ಅರ್ಧ ಖಾಲಿಯಾಗಿರಬಹುದು. ಸೀಲ್ ಆದ ಪ್ಯಾಕನ್ನೇ ಕೇಳಿ. ಹೊಸ ಸೆಲ್ ಮೀಟರಿನಲ್ಲಿ 3 ವೋಲ್ಟ್‌ಗಿಂತ ತುಸು ಮೇಲೇ ತೋರಿಸಬೇಕು. 1 ಕಿಲೋಓಮ್ ರೆಸಿಸ್ಟರನ್ನು ಅದಕ್ಕೆ ಅಡ್ಡ ಹಿಡಿದು ಮತ್ತೆ ಅಳೆಯಿರಿ; 2.7ಕ್ಕಿಂತ ಕೆಳಗೆ ಕುಸಿದರೆ ಬಿಟ್ಟುಬಿಡಿ.

ಎಲ್‌ಐಆರ್2032 ನೋಡಲು ಇದೇ ಥರ ಇದ್ದರೂ ರೀಚಾರ್ಜ್ ಮಾಡುವ ಸೆಲ್. ತುಂಬಿದಾಗ 4.2 ವೋಲ್ಟ್ ಇರುತ್ತದೆ. ಚಿಪ್ಪಿನ ವಿಬ್ಯಾಟ್ ಪಿನ್ನಿಗೆ (ಬ್ಯಾಕಪ್ ಸೆಲ್ ಸೇರುವ ಪಿನ್, ಬೋರ್ಡಿನ ಮೇಲೆ ವಿಬಿ) ಮಿತಿ 3.6 ವೋಲ್ಟ್, ಹಾಗಾಗಿ ಅದು ಬೇಡ.

ವೈರಿಂಗ್

ಪವರ್ ಪೂರ್ತಿ ತೆಗೆದು, ಮೊದಲು ವಿಬಿ ಪಿನ್ನಿಗೂ 3.3 ವೋಲ್ಟ್ ಪಿನ್ನಿಗೂ ನಡುವೆ ಮೀಟರ್ ಬೀಪ್ ಆಗುತ್ತದೆಯೇ ನೋಡಿ. ಬೀಪ್ ಆದರೆ ಆ ಬೋರ್ಡಿನಲ್ಲಿ ಅವೆರಡೂ ಜೋಡಣೆಯಾಗಿವೆ ಎಂದರ್ಥ. ಆ ಟ್ರ್ಯಾಕ್ ಕತ್ತರಿಸದೆ ಮುಂದುವರಿದರೆ ಬಡ ಕಾಯಿನ್ ಸೆಲ್ ಇಡೀ ಬೋರ್ಡನ್ನು ಹೊರಬೇಕಾಗುತ್ತದೆ.

ಹೋಲ್ಡರಿನ ಪ್ಲಸ್‌ನಿಂದ ರೆಸಿಸ್ಟರ್, ಅಲ್ಲಿಂದ ಡಯೋಡ್, ಡಯೋಡಿನ ಪಟ್ಟಿ ಇರುವ ತುದಿ ವಿಬಿಗೆ. ಹೋಲ್ಡರಿನ ಮೈನಸ್ ಗ್ರೌಂಡಿಗೆ. ಕೆಪಾಸಿಟರ್ ವಿಬಿ ಮತ್ತು ಗ್ರೌಂಡ್ ನಡುವೆ, ಪಿನ್ನಿಗೆ ಎಷ್ಟು ಹತ್ತಿರವಾದರೆ ಅಷ್ಟು ಒಳ್ಳೆಯದು.

ಡಯೋಡ್ ಯಾಕೆಂದರೆ, ಮೇನ್ ಪವರ್ ಏರುವ ಹೊತ್ತಿನಲ್ಲಿ ಚಿಪ್ಪಿನ ಒಳಗಿನ ಡಯೋಡ್ ಮೂಲಕ ವಿಬ್ಯಾಟ್ ಕಡೆಗೆ ಕರೆಂಟ್ ನುಗ್ಗಬಹುದು. ಸಿಆರ್2032 ಚಾರ್ಜ್ ಆಗಬಾರದ ಸೆಲ್. ಪದೇಪದೇ ಹೀಗಾದರೆ ಉಬ್ಬಿ ಸೋರುತ್ತದೆ. ಒಂದು ವೇಳೆ ಡಯೋಡೇ ಶಾರ್ಟ್ ಆದರೆ ಕರೆಂಟಿಗೆ ಕಡಿವಾಣ ಹಾಕುವುದು ರೆಸಿಸ್ಟರ್. ಕೆಪಾಸಿಟರ್ ಇರುವುದು ಕುಲುಕಾಟಕ್ಕೆ: ಆಫ್ ಮಾಡಿದ ರೋಬೋಟನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ನಮ್ಮೂರಿನ ಗುಂಡಿಗಳಲ್ಲಿ ಹೋಗುವಾಗ ಹೋಲ್ಡರಿನ ಸ್ಪ್ರಿಂಗ್ ಕ್ಷಣಕಾಲ ಸೆಲ್ ಬಿಟ್ಟರೂ ಗಡಿಯಾರ ನಿಲ್ಲುವುದಿಲ್ಲ. ಎಲೆಕ್ಟ್ರೊಲಿಟಿಕ್ ಹಾಕಬೇಡಿ, ಅದರ ಲೀಕೇಜೇ ಗಡಿಯಾರದ ಖರ್ಚಿಗಿಂತ ಹೆಚ್ಚಾಗಬಹುದು.

ಸೋಲ್ಡರಿಂಗ್ ಮುಗಿಯುವವರೆಗೆ ಸೆಲ್ ಹೋಲ್ಡರಿನಲ್ಲಿ ಇರಕೂಡದು. ಸೆಲ್ ಮೇಲೆಯೇ ಸೋಲ್ಡರ್ ಮಾಡುವುದಂತೂ ಬೇಡವೇ ಬೇಡ, ಬಿಸಿಗೆ ಒಡೆಯಬಹುದು. ಪಕ್ಕದ ಸಿ14, ಸಿ15 ಪಿನ್‌ಗಳಿಗೆ ವೈರ್ ಎಳೆಯಬೇಡಿ, 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಅಲ್ಲೇ ಇದೆ, ವೈರ್ ಸೇರಿದರೆ ಸರಿಯಾಗಿ ಆಸಿಲೇಟ್ ಆಗದೆ ಹೋಗಬಹುದು. ಕೊನೆಗೆ ಫ್ಲಕ್ಸನ್ನು (ಸೋಲ್ಡರ್ ಹಿಡಿಯಲು ಬಳಸುವ ಅಂಟು) ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಚೆನ್ನಾಗಿ ತೊಳೆಯಿರಿ. ಉಳಿದ ಫ್ಲಕ್ಸ್ ಮಳೆಗಾಲದ ತೇವ ಹೀರಿಕೊಂಡು ಸೆಲ್ ತಿನ್ನುತ್ತದೆ.

ಬೋರ್ಡಿಗೆ ಯುಎಸ್‌ಬಿ ಪವರ್ ಕೊಟ್ಟು ಸೆಲ್ ಕೂರಿಸಿ. ಪ್ಲಸ್ ಗುರುತಿನ ಅಗಲ ಮುಖ ಮೇಲಕ್ಕೆ ಬರಬೇಕು. ಲೋಹದ ಚಿಮಟ ಎರಡೂ ಧ್ರುವಗಳನ್ನು ಶಾರ್ಟ್ ಮಾಡುತ್ತದೆ, ಪ್ಲಾಸ್ಟಿಕ್‌ದು ಬಳಸಿ.

ಪರೀಕ್ಷೆ

ಕೋಡಿನಲ್ಲಿ ಆರ್‌ಟಿಸಿ ಒಮ್ಮೆ ಶುರುವಾದ ಮೇಲೆ ಯುಎಸ್‌ಬಿ, ಎಸ್‌ಟಿ-ಲಿಂಕ್ (ಚಿಪ್ಪಿಗೆ ಕೋಡ್ ತುಂಬುವ ಸಾಧನ) ಎರಡನ್ನೂ ಕಳಚಿ. ಮೀಟರನ್ನು ಮಿಲಿವೋಲ್ಟ್‌ಗಿಟ್ಟು ರೆಸಿಸ್ಟರಿನ ಎರಡು ತುದಿ ಮುಟ್ಟಿ. 1 ಕಿಲೋಓಮ್ ಆದ್ದರಿಂದ ತೋರಿಸುವ ಮಿಲಿವೋಲ್ಟೇ ಮೈಕ್ರೊಆಂಪ್. ಸುಮಾರು 1.4 ಬರಬೇಕು. 20, 30 ಬಂದರೆ ಫ್ಲಕ್ಸ್ ಉಳಿದಿದೆ, ಇಲ್ಲವೇ ಸೆಲ್ ವೋಲ್ಟೇಜ್ ಓದಲು ನೀವೇ ಹಾಕಿದ ಡಿವೈಡರ್ (ವೋಲ್ಟೇಜ್ ಇಳಿಸುವ ರೆಸಿಸ್ಟರ್ ಜೋಡಿ) ಕರೆಂಟ್ ಕುಡಿಯುತ್ತಿದೆ. ಸೆಲ್‌ನ 220 ಮಿಲಿಆಂಪ್-ಅವರ್‌ಗೆ 1.4 ಮೈಕ್ರೊಆಂಪ್ ಎಂದರೆ ಲೆಕ್ಕದಲ್ಲಿ ಸುಮಾರು 18 ವರ್ಷ. ಅದಕ್ಕೂ ಮೊದಲೇ ಸೆಲ್ ತಾನಾಗಿ ಮುಪ್ಪಾಗುತ್ತದೆ ಅನ್ನಿ.

ಕರೆಂಟ್ ಸರಿಯಿದ್ದೂ ಸಮಯ ಸೊನ್ನೆಯಾಗುತ್ತಿದ್ದರೆ ಕೋಡ್ ನೋಡಿ. ಆರ್‌ಟಿಸಿಗೆ ಕ್ಲಾಕ್ ಮೂಲ ಎಲ್‌ಎಸ್‌ಇ (ಆ 32.768 ಕಿಲೋಹರ್ಟ್ಸ್ ಕ್ರಿಸ್ಟಲ್) ಆಗಿರಬೇಕು, ಉಳಿದವು ಸೆಲ್ ಮೇಲೆ ಓಡುವುದಿಲ್ಲ. ಚಿಪ್ ತಯಾರಕರ ಕ್ಯೂಬ್‌ಎಂಎಕ್ಸ್ ತಂತ್ರಾಂಶ ಬರೆದುಕೊಡುವ ಕೋಡ್ ಪ್ರತಿ ಬೂಟ್‌ಗೂ ಸಮಯವನ್ನು ಹೊಸದಾಗಿ ಬರೆಯಬಹುದು. ಒಂದು ಬ್ಯಾಕಪ್ ರಿಜಿಸ್ಟರಿನಲ್ಲಿ ಗುರುತಿನ ಸಂಖ್ಯೆ ಇಟ್ಟು, ಅದು ಇದ್ದರೆ ಸಮಯ ಹೊಂದಿಸುವ ಸಾಲುಗಳನ್ನು ದಾಟಿ ಹೋಗುವಂತೆ ಮಾಡಿ. ಎಫ್103ರ ಗಡಿಯಾರ ಬರೀ 32 ಬಿಟ್ ಸೆಕೆಂಡ್ ಕೌಂಟರ್. ಆ ಕೋಡ್ ಬಳಸುವ ಎಚ್‌ಎಎಲ್ ಲೈಬ್ರರಿ ತಾರೀಕನ್ನು ಪವರ್ ಹೋದರೆ ಅಳಿಯುವ ರ್‍ಯಾಮ್‌ನಲ್ಲಿ ಇಡುವುದರಿಂದ ಗಂಟೆ ಸರಿಯಿದ್ದೂ ತಾರೀಕು ಹಾಳಾಗುತ್ತದೆ. ಕೌಂಟರನ್ನೇ ನೇರ ಓದಿ ತಾರೀಕು ಲೆಕ್ಕ ಹಾಕುವುದು ವಾಸಿ.

ಮುಂದೆ ಸೆಲ್ ಬದಲಿಸುವಾಗ ಮೋಟಾರ್ ಕನೆಕ್ಟರ್ ಕಳಚಿ, ಬೋರ್ಡನ್ನು ಆನ್ ಮಾಡಿಟ್ಟೇ ಬದಲಿಸಿ, ಸಮಯ ಹೋಗುವುದಿಲ್ಲ. ಹಳೆಯ ಸೆಲ್‌ನ ಎರಡೂ ಮುಖಕ್ಕೆ ಟೇಪ್ ಸುತ್ತಿ ಇ-ವೇಸ್ಟ್‌ಗೆ ಕೊಡಿ. ಅಲ್ಲಿಯವರೆಗೆ ಮಕ್ಕಳ ಕೈಗೆ ಸಿಗದಂತಿರಲಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.