ಸ್ಪ್ಯಾನಿಷ್ ಕ್ರಿಯಾಪದ: ಪದ ಒಡೆಯುವುದು, ಒತ್ತು ಹಾಕುವುದು

[ಆ]-ಬ್ಲೊ ಅಂದರೆ "ಮಾತಾಡುತ್ತೇನೆ". ಆ-[ಬ್ಲೊ] ಅಂದರೆ "ಮಾತಾಡಿದಳು". ಒತ್ತು ಬೀಳುವ ಭಾಗ ಇಲ್ಲೆಲ್ಲ ಚೌಕ ಆವರಣದಲ್ಲಿದೆ. ಕನ್ನಡದಲ್ಲಿ ಅರ್ಥ ಬದಲಿಸುವುದು ದೀರ್ಘ, ಒತ್ತಲ್ಲ. ಅದಕ್ಕೇ ನಮ್ಮ ನಾಲಿಗೆ ಒತ್ತಬೇಕಾದಲ್ಲಿ ಎಳೆಯುತ್ತದೆ. ಸ್ಪ್ಯಾನಿಷ್‌ನಲ್ಲಿ ಹ್ರಸ್ವ-ದೀರ್ಘ ಭೇದವಿಲ್ಲ. "ಆ" ಎಂದು ಬರೆದದ್ದು ಬಾಯಿ ತೆರೆಯಲಿ ಎಂದಷ್ಟೇ.

ಮೊದಲು ಪದ ಒಡೆಯಿರಿ. ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರಕ್ಕೆ. ಎರಡಿದ್ದರೆ ಆಚೆಗೊಂದು ಈಚೆಗೊಂದು: ಎಸ್-[ತಾಸ್]. ಬ್ಲ, ಪ್ಲ, ಕ್ಲ, ಪ್ರ, ತ್ರ, ದ್ರ ಥರದ ಜೋಡಿಗಳು ಮಾತ್ರ ಒಡೆಯುವುದಿಲ್ಲ. ನಮ್ಮ ಲಿಪಿ ಇಲ್ಲಿ ದಾರಿ ತಪ್ಪಿಸುತ್ತದೆ: "ಎಸ್ತಾಸ್" ಎಂದು ಬರೆದರೆ ಸಕಾರ ತಕಾರದ ಜೊತೆ ಕೂತುಬಿಡುತ್ತದೆ. ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನದನ್ನು ಗುರು ಎನ್ನುತ್ತೇವಲ್ಲ, ಆ ಕಿವಿಯಿಂದ ಕೇಳಿ, ಸರಿಯಾಗಿ ಒಡೆಯುತ್ತದೆ.

ನಿಜವಾದ ತೊಡಕು ಸ್ವರಗಳದ್ದು. ಆ, ಎ, ಒ ಗಟ್ಟಿ. ಇ, ಉ ಮೆದು. ಎರಡು ಗಟ್ಟಿ ಸ್ವರ ಪಕ್ಕಪಕ್ಕ ಬಂದರೆ ಬೇರೆಬೇರೆ: ಲೆ-[ಎರ್], "ಓದು". ಒತ್ತಿಲ್ಲದ ಮೆದು ಸ್ವರ ಪಕ್ಕದ್ದರಲ್ಲಿ ಕರಗುತ್ತದೆ: ಕೊ-[ಮ್ಯೊ], "ತಿಂದ". ಗಟ್ಟಿ ಸ್ವರದ ಪಕ್ಕದ ಮೆದು ಸ್ವರಕ್ಕೇ ಒತ್ತು ಬಿದ್ದರೆ ಅದು ಪ್ರತ್ಯೇಕ ನಿಲ್ಲುತ್ತದೆ, ಸ್ಪ್ಯಾನಿಷ್ ಬರಹದಲ್ಲಿ ಅದರ ತಲೆಯ ಮೇಲೆ ಓರೆಗೆರೆ (í) ಕಡ್ಡಾಯ: ಕೊ-[ಮಿ]-ಆ, "ತಿನ್ನುತ್ತಿದ್ದ". "ಕಳಿಸುತ್ತೇನೆ" ಎಂಬುದು ಎಮ್-[ಬಿ]-ಒ, ಆದರೆ "ಬದಲಿಸುತ್ತೇನೆ" ಎಂಬುದು [ಕಾಮ್]-ಬ್ಯೊ. ಯಾವುದು ಯಾವ ಗುಂಪಿಗೆ ಎಂದು ಊಹಿಸಲು ಹೋಗಬೇಡಿ. "ನಾನು" ರೂಪವನ್ನೇ ಬಾಯಿಪಾಠ ಮಾಡಿ.

ಇನ್ನು ಒತ್ತು. ಪದ ಸ್ವರದಲ್ಲೋ ನ್, ಸ್‌ಗಳಲ್ಲೋ ಮುಗಿದರೆ ಕೊನೆಯಿಂದ ಎರಡನೆಯದಕ್ಕೆ: [ಕಾನ್]-ತಾನ್, "ಹಾಡುತ್ತಾರೆ". ಬೇರೆ ವ್ಯಂಜನವಾದರೆ ಕೊನೆಯದಕ್ಕೆ: ಕಾನ್-[ತಾರ್]. ಇದನ್ನು ಮೀರಿದರೆ ಓರೆಗೆರೆ. ಆ-ಬ್ಲಾ-[ರಾನ್] ("ಮಾತಾಡುವರು") ಬರೆಯುವಾಗ ಗೆರೆ ಮರೆತರೆ ಅದು ಆ-[ಬ್ಲಾ]-ರಾನ್ ಆಗುತ್ತದೆ, "ಒಂದು ವೇಳೆ ಮಾತಾಡಿದ್ದರೆ" ಎಂಬಂಥ ಕಡೆ ಬರುವ ರೂಪ.

ಬಾಲಕ್ಕೆ ಸರ್ವನಾಮ ಅಂಟಿದಾಗ ಒತ್ತು ಹಳೆಯ ಜಾಗ ಬಿಡುವುದಿಲ್ಲ, ಎಣಿಕೆ ಬದಲಾಗುತ್ತದೆ. [ಕೊಮ್]-ಪ್ರಾ ("ಕೊಂಡುಕೋ") ಎಂಬುದಕ್ಕೆ ಲೊ ("ಅದನ್ನು") ಸೇರಿದರೆ [ಕೊಮ್]-ಪ್ರಾ-ಲೊ: ಕೊನೆಯಿಂದ ಮೂರನೆಯದಕ್ಕೆ ಒತ್ತು, ಹಾಗಾಗಿ ಗೆರೆ ಬೇಕು. ಕೊಮ್-[ಪ್ರಾರ್]-ಲೊ ("ಅದನ್ನು ಕೊಳ್ಳುವುದು") ಎಂಬುದಕ್ಕೆ ಬೇಡ. ನಡುವೆ ಮೆ ("ನನಗೆ") ಬಂದು ಕೊಮ್-[ಪ್ರಾರ್]-ಮೆ-ಲೊ ಆದರೆ ಬೇಕು.

ಒಂದೇ ಭಾಗದ ರೂಪಗಳಿಗೆ ಗೆರೆಯಿಲ್ಲ. ಫ್ವಿ ("ಹೋದೆ"), ಫ್ವೆ ("ಹೋದ"), ಬ್ಯೊ ("ನೋಡಿದ"), ದ್ಯೊ ("ಕೊಟ್ಟ") ಇವುಗಳಿಗೆ ಹಿಂದೆ ಇತ್ತು, ಸ್ಪ್ಯಾನಿಷ್ ಅಕಾಡೆಮಿಯ 1959ರ ನಿಯಮಗಳು ತೆಗೆದವು. ಹಳೆಯ ಮುದ್ರಣ ನೋಡಿ ಅನುಕರಿಸಬೇಡಿ. ದೆ ("ಕೊಡಲಿ"), ಸೆ ("ನನಗೆ ಗೊತ್ತು") ಮಾತ್ರ ಗೆರೆ ಉಳಿಸಿಕೊಂಡಿವೆ, ಅದೇ ಕಾಗುಣಿತದ ಬೇರೆ ಪದಗಳಿವೆಯೆಂದು.